ರಾಟೆಯ ಕಡೆಯಿಂದ ಬಂದ ಹೂಂ

ನನ್ನ ಮೊಮ್ಮಗಳು ಮಾತಾಡಿದಳು! ಚಳ್ಳಕೆರೆಯ ಲೈಬ್ರರಿಯಲ್ಲಿ, ಅಷ್ಟು ಜನರ ಮುಂದೆ ನಿಂತು, ಒಂದು ಇಡೀ ಕಥೆ ಹೇಳಿದಳು. ವರ್ಷಗಳು ಕಳೆದರೂ ಯಾರು ಸಿಕ್ಕರೂ ನಾನು ಮೊದಲು ಹೇಳುವುದು ಇದನ್ನೇ. ನೀವೂ ಮೊದಲು ಇದನ್ನೇ ಕೇಳಿ, ಉಳಿದದ್ದು ಆಮೇಲೆ.

ದೆವ್ವ, ಗಾಳಿ, ಸತ್ತವರ ದನಿ ಅಂದರೆ ನಗುತ್ತಿದ್ದವಳು ನಾನು. ಪಕ್ಕದ ಮನೆಯಾಕೆ ಬಾವಿಯ ಹತ್ತಿರ ಯಾರೋ ಕರೆದಂಗಾಯ್ತು ಅಂದಾಗ, "ಹೊಟ್ಟೆ ಖಾಲಿ ಇದ್ರೆ ಎಲ್ಲಾ ಕೇಳಿಸ್ತೈತೆ ಕಣೇ, ಮೊದ್ಲು ಉಣ್ಣೋಗು" ಅಂತ ಗದರಿದ್ದೆ. ಹಾಗಿದ್ದವಳಿಗೇ ಇದು ಆಯಿತು. ಮೂರನೇ ಕ್ಲಾಸು ಓದಿದವಳು, ಬರೆದದ್ದು ಹಿಂದುಮುಂದಾದರೆ ಸಹಿಸಿಕೊಳ್ಳಿ.

ಮೊಮ್ಮಗಳ ಹೆಸರು ಪವಿತ್ರ. ಮನೆಯಲ್ಲಿ ಅವಳ ಬಾಯಿಗೆ ಬೀಗವೇ ಇರಲಿಲ್ಲ. ಹೊಸಿಲು ದಾಟಿದರೆ ಮಾತ್ರ ಒಂದು ಅಕ್ಷರ ಹೊರಡುತ್ತಿರಲಿಲ್ಲ. ಸ್ಕೂಲಿಗೆ ಸೇರಿದ ದಿನದಿಂದ ಹೀಗೇ. ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದಳು, ಅಷ್ಟೇ. ಕೊನೆಗೆ ಅವಳ ಹೆಡ್ ಮೇಡಂ ನನ್ನ ಮಗ ತಿಪ್ಪೇಶನನ್ನು ಕರೆಸಿ, ಮಾತು ಬಾರದ ಮಕ್ಕಳಿಗೆ ಚಿತ್ರದುರ್ಗದಲ್ಲಿ ಬೇರೆ ಸ್ಕೂಲಿದೆ, ಹಾಸ್ಟೆಲ್ಲೂ ಇದೆ, ರಜ ಮುಗಿದ ಮೇಲೆ ಅಲ್ಲಿಗೆ ಸೇರಿಸಿ ಅಂದರು. ಎಣ್ಣೆ ಮಿಲ್ಲಿನಲ್ಲಿ ದುಡಿಯುವ ಅವನು ದೊಡ್ಡವರ ಮಾತಿಗೆ ಎದುರಾಡುವವನಲ್ಲ. ತಲೆ ಆಡಿಸಿ ಬಂದುಬಿಟ್ಟ. "ಅವಳಿಗೆ ಮಾತು ಬರ್ತೈತಲ್ಲೋ" ಅಂತ ನಾನು ಕೂಗಾಡಿದೆ. "ನಿನಗೆ ಕೇಳಿಸಿದ್ರೆ ಸಾಕೇನವ್ವಾ, ಅವ್ರಿಗೆ ಕೇಳಿಸ್ಬೇಕಲ್ಲ" ಅಂದ. ಅಂದಿನಿಂದ ನನಗೆ ಕೂತರೂ ಸಮಾಧಾನವಿಲ್ಲ, ನಿಂತರೂ ಇಲ್ಲ.

ಆ ಬೇಸಿಗೆಯಲ್ಲೇ ಲೈಬ್ರರಿಯವರು ಹಳೇ ಸಾಮಾನುಗಳ ಪ್ರದರ್ಶನ ಇಟ್ಟರು. ಲೈಬ್ರರಿ ಅಂದರೆ ಗಂಡಸರು ಪೇಪರ್ ಓದಿ ತೂಕಡಿಸುವ ಜಾಗ ಅಂದುಕೊಂಡಿದ್ದೆ. ಅಲ್ಲಿನ ಮೇಷ್ಟ್ರು ಮನೆಮನೆಗೆ ಬಂದು, "ಅಜ್ಜೀ, ಅಟ್ಟದ ಮೇಲೆ ಏನೈತೆ ಕೊಡ್ರಿ, ಮಕ್ಳು ನೋಡ್ಲಿ" ಅಂತ ಕೇಳಿದರು. ಕೊನೆಯ ದಿನ ಸಾಯಂಕಾಲ ಮಕ್ಕಳೇ ಕಥೆ ಹೇಳುವ ಕಾರ್ಯಕ್ರಮ, ಹೆಡ್ ಮೇಡಂ ಬಂದು ಬಹುಮಾನ ಕೊಡ್ತಾರೆ ಅಂದರು. ಅವರ ಹೆಸರು ಕೇಳಿದ್ದೇ ತಡ, ಪವಿತ್ರಳ ಹೆಸರು ಬರೆಸಿಬಿಟ್ಟೆ. ಪ್ರದರ್ಶನಕ್ಕೆ ನನ್ನ ತಾಯಿಯ ರಾಟೆ ಕೊಟ್ಟೆ.

ನನ್ನ ತವರು ಮೊಳಕಾಲ್ಮೂರು. ಅವ್ವ ಮಗ್ಗಕ್ಕೆ ರೇಷ್ಮೆ ನೂಲು ಸುತ್ತುತ್ತಿದ್ದಳು. ಸುತ್ತುತ್ತಾ ನನ್ನಿಂದ ಕಥೆ ಹೇಳಿಸುತ್ತಿದ್ದಳು. ಕಥೆ ಕೇಳುವವರು ಹೂಂಗುಟ್ಟಬೇಕು, ಹೂಂ ನಿಂತರೆ ಕಥೆಯೂ ನಿಲ್ಲಬೇಕು, ಅದು ನಮ್ಮಲ್ಲಿ ಪದ್ಧತಿ. ಅವ್ವ ಆಂಧ್ರದ ಕಡೆಯವಳು. ರಾಟೆ ತಿರುಗಿಸುತ್ತಾ, "ಊಂ... ತರ್ವಾತ?" ಅನ್ನುತ್ತಿದ್ದಳು. ಆಮೇಲೆ ಏನಾಯಿತು ಅಂತ ಅದರ ಅರ್ಥ. ಮದುವೆಯಾಗಿ ಚಳ್ಳಕೆರೆಗೆ ಬಂದಾಗ ನನ್ನ ತೆಲುಗು ಕೇಳಿ ಅತ್ತೆ ಮನೆಯವರು ಆಡಿಕೊಂಡು ನಕ್ಕರು. ಆಮೇಲೆ ಅದನ್ನು ಆಡುವುದನ್ನೇ ಬಿಟ್ಟುಬಿಟ್ಟೆ. ಪವಿತ್ರಳ ಕಥೆಗಳಿಗೆ ನಾನು ಬರೀ "ಹೂಂ" ಅನ್ನುತ್ತಿದ್ದೆ. ಅವ್ವ ತೀರಿಕೊಂಡಾಗ ಇವಳು ಹುಟ್ಟಿರಲಿಲ್ಲ.

ಕಥೆ ಹೇಳುವ ದಿನ ನಾನು ಬೆಳಗಿನಿಂದ ಏನೂ ಉಂಡಿರಲಿಲ್ಲ. ಅದನ್ನು ಮುಚ್ಚಿಡುವುದಿಲ್ಲ. ಲೈಬ್ರರಿಗೆ ಹೋದರೆ ಕರೆಂಟಿಲ್ಲ, ಫ್ಯಾನಿಲ್ಲ, ಜನ ಮಾತ್ರ ತುಂಬಿದ್ದಾರೆ. ಮೂಲೆಯಲ್ಲಿ ಹಗ್ಗ ಕಟ್ಟಿ, ಅದರಾಚೆ ಕಂಬಳಿ, ಬೀಸುವ ಕಲ್ಲು, ಗೋಡೆಗೆ ಒತ್ತಿಕೊಂಡಂತೆ ಅವ್ವನ ರಾಟೆ. ಮೇಲೆ ಗೋಡೆಯಲ್ಲಿ 'ನಿಶ್ಶಬ್ದ' ಅಂತ ಬೋರ್ಡು. ಮೇಷ್ಟ್ರು ಅದನ್ನೇ ತೋರಿಸಿ, "ಮಕ್ಳು ಹೇಳುವಾಗ ಯಾರೂ ತುಟಿ ಬಿಚ್ಬಾರ್ದು" ಅಂದರು. ಒಳ್ಳೆಯ ಮನುಷ್ಯ, ಗಲಾಟೆ ಆಗದಿರಲಿ ಅಂತಲೇ ಅಂದದ್ದು. ಆದರೆ ಹೂಂಗುಟ್ಟದೆ ಕಥೆ ನಡೆಯುವುದು ಹೇಗೆ?

ಪವಿತ್ರ ನನ್ನನ್ನೇ ನೋಡುತ್ತಾ ನಿಂತಳು. ಮೊದಲ ಸಾಲು ಗಾಳಿಗೆ ಹಾರಿಹೋಗುವಷ್ಟು ಮೆಲ್ಲಗೆ ಬಂತು: "ಒಂದು ಮೇಕೆಮರಿ ತನ್ನ ಗೆಜ್ಜೆ ಕಳ್ಕೊಂಡಿತ್ತು." ಅಷ್ಟು ಹೇಳಿ, ಅಭ್ಯಾಸದಂತೆ ಹೂಂ ಬರಲೆಂದು ಕಾದಳು. ಯಾರೂ ಅನ್ನಲಿಲ್ಲ. ಹೆಡ್ ಮೇಡಂ ಕನ್ನಡಕ ಸರಿಮಾಡಿಕೊಂಡರು. ಬಾಗಿಲ ಹತ್ತಿರ ನಿಂತಿದ್ದ ತಿಪ್ಪೇಶ ನೆಲ ನೋಡುತ್ತಿದ್ದ. ಹೂಂ ಅನ್ನಬೇಕೆಂದು ಬಾಯಿ ತೆರೆದೆ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು, ದನಿಯೇ ಹೊರಡಲಿಲ್ಲ. ಮಗು ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು.

ಆಗ ಮೂಲೆಯಿಂದ ಬಂತು. "ಊಂ... ತರ್ವಾತ?"

ಅದೇ ದನಿ, ನೂಲು ಜಗ್ಗುವಾಗ ಎಳೆಯುವ ಅದೇ ಎಳೆತ. ತಿರುಗಿ ನೋಡಿದೆ. ಹಗ್ಗ, ಕಂಬಳಿ, ರಾಟೆ, ಗೋಡೆ. ಮತ್ತೇನೂ ಇಲ್ಲ. ಪವಿತ್ರಳೂ ಅತ್ತ ತಿರುಗಿದ್ದಳು. ಆ ಮೂಲೆಯನ್ನೇ ನೋಡುತ್ತಾ, "ಅದು ಹುಲ್ಲುಗಾವಲಿನ ತುಂಬಾ ಹುಡುಕ್ತು" ಅಂದಳು. ಮತ್ತೆ ನಿಂತಳು, ಮತ್ತೆ ಆ ದನಿ ಬಂತು. ಹೀಗೆ ನಿಂತು ನಿಂತು, ಬರಬರುತ್ತಾ ಗಟ್ಟಿಯಾಗಿ, ಕೊನೆಯವರೆಗೂ ಹೇಳಿದಳು. ಮರಿಗೆ ಗೆಜ್ಜೆ ಸಿಕ್ಕಾಗ ಜನರೆಲ್ಲ ಚಪ್ಪಾಳೆ ಹೊಡೆದರು. ನಾನು ಮಾತ್ರ ಇನ್ನೂ ಆ ಮೂಲೆಯನ್ನೇ ನೋಡುತ್ತಿದ್ದೆ.

ಹೆಡ್ ಮೇಡಂ ತಾವೇ ಎದ್ದು ಬಂದು ಅವಳ ತಲೆ ಸವರಿದರು. ತಿಪ್ಪೇಶನಿಗೆ, "ದುರ್ಗ ಗಿರ್ಗ ಏನೂ ಬೇಡ ಬಿಡಿ, ನಮ್ಮಲ್ಲೇ ಓದ್ಲಿ. ಎಷ್ಟು ಚೆಂದ ತಡೆದು ತಡೆದು ಹೇಳ್ತಾಳೆ" ಅಂದರು. ತಡೆದದ್ದು ಯಾಕೆಂದು ಅವರಿಗೆ ಗೊತ್ತಿರಲಿಲ್ಲ. ಮೂಲೆಯಿಂದ ಏನಾದರೂ ದನಿ ಬಂತಾ ಅಂತ ನಾನು ಒಬ್ಬೊಬ್ಬರನ್ನೇ ಕೇಳಿದೆ. ಯಾರಿಗೂ ಏನೂ ಕೇಳಿಸಿರಲಿಲ್ಲ. ಮೇಷ್ಟ್ರು, "ಹಗ್ಗದಾಚೆ ಒಂದು ಬೆಕ್ಕನ್ನೂ ಬಿಟ್ಟಿಲ್ಲ ಅಜ್ಜೀ" ಅಂದರು. ಖಾಲಿ ಹೊಟ್ಟೆ, ಅದಕ್ಕೇ ಹಾಗೆ ಅಂತ ನನಗೆ ನಾನೇ ಹೇಳಿಕೊಂಡೆ.

ರಾತ್ರಿ ಸೊಸೆ ರತ್ನ ಮುದ್ದೆ, ಹುರುಳಿ ಸಾರು, ಶಾವಿಗೆ ಪಾಯಸ ಮಾಡಿದಳು. ಯಾವಾಗಲೂ ಒಬ್ಬೊಬ್ಬರಾಗಿ ಉಣ್ಣುವ ನಾವು ಆ ದಿನ ಎಲ್ಲರೂ ಒಟ್ಟಿಗೇ ಕೂತೆವು. ಪವಿತ್ರ ಪಾಯಸ ನೆಕ್ಕುತ್ತಾ, "ಅಜ್ಜೀ, ತರ್ವಾತ ಅಂದ್ರೇನು?" ಅಂದಳು.

ಆ ತೆಲುಗು ಮಾತನ್ನು ನಾನು ಇನ್ನೂ ಯಾರ ಮುಂದೂ ಆಡಿರಲಿಲ್ಲ. ಮಧ್ಯಾಹ್ನ ಈ ಹುಡುಗಿ ಹೊಟ್ಟೆ ತುಂಬಾ ಉಂಡು ಬಂದಿದ್ದಳು.

"ಆಮೇಲೆ ಅಂತ ಕಣವ್ವಾ" ಅಂದೆ.

ಇವತ್ತಿಗೂ ನನಗೆ ಆ ದನಿ ಏನೆಂದು ತಿಳಿದಿಲ್ಲ, ತಿಳಿದವರು ಹೇಳಿದರೆ ಕೇಳುತ್ತೇನೆ. ಅವಳು ತಟ್ಟೆ ಪಕ್ಕಕ್ಕೆ ಸರಿಸಿ ಇನ್ನೊಂದು ಕಥೆ ಶುರುಮಾಡಿದಳು, ಒಂದು ಸಾಲು ಹೇಳಿ ಕಾದಳು. ಹೂಂ ಅನ್ನಲು ಹೋದವಳು ನಾನು ಒಂದು ಗಳಿಗೆ ತಡೆದೆ. ಇನ್ಯಾರಾದರೂ ಅನ್ನುತ್ತಾರೇನೋ ಅಂತ ಕಿವಿಗೊಟ್ಟೆ. ಏನೂ ಬರಲಿಲ್ಲ.

ಆಗ ತಿಪ್ಪೇಶನೇ, ಬಾಯಿ ತುಂಬಾ ಮುದ್ದೆ ಇಟ್ಟುಕೊಂಡು, "ಹೂಂ... ಆಮೇಲೆ?" ಅಂದ.