ಅಕ್ಕ ಬರುವವರೆಗೆ ಒಲೆ ಹಚ್ಚಲಿಲ್ಲ

ಮೊನ್ನೆ ನಿಮ್ಮ ಹೊಸ ಅಡುಗೆಮನೆಗೆ ಕಲ್ಲು ಕೊಯ್ಯುವಾಗ ಅದರ ಮೇಲೆ ನೀರು ಬಿಟ್ಟರಲ್ಲ, ಆ ಒದ್ದೆ ದೂಳಿನ ವಾಸನೆಗೆ ನಾನು ಹಿತ್ತಲಿಗೆ ಎದ್ದು ಹೋದೆ. ಏನಾಯ್ತಜ್ಜಿ ಎಂದು ಕೇಳಿದಿರಿ. ಬಾಯಲ್ಲಿ ಹೇಳಲು ಆಗಲಿಲ್ಲ, ಬರೆಯುತ್ತಿದ್ದೇನೆ.

ಕೊಳಾಲದ ಹತ್ತಿರ ನಮ್ಮೂರಿನ ಗುಡ್ಡದಲ್ಲಿ ಆಗ ಕಲ್ಲುಗಣಿ ಇತ್ತು. ನಾನು, ನಿಮ್ಮ ತಾತ, ಪಕ್ಕದ ಮನೆಯ ಅಕ್ಕ, ಎಲ್ಲರೂ ಅಲ್ಲೇ ದುಡಿದವರು. ಬಂಡೆಗೆ ಮದ್ದಿಟ್ಟು ಸಿಡಿಸಿದ ಮೇಲೆ ಎಲ್ಲರ ಮುಖ ಕಾಣುವವರೆಗೆ ಯಾರೂ ಬುತ್ತಿ ಬಿಚ್ಚುತ್ತಿರಲಿಲ್ಲ. ಕಲ್ಲಿನಡಿ ಯಾರು ಉಳಿದರೋ ಎಂಬ ಭಯ. ಗಣಿ ಮುಚ್ಚಿದ ಮೇಲೂ ವರ್ಷಕ್ಕೊಮ್ಮೆ, ಅವರೆಕಾಯಿ ಕಾಲದಲ್ಲಿ, ಊರಿಗೆ ಊರೇ ಆ ಬಂಡೆಯ ಮೇಲೆ ಅಡುಗೆ ಮಾಡಿ ಉಣ್ಣುತ್ತಿತ್ತು. ಊರಲ್ಲಿದ್ದವರೆಲ್ಲ ಬಂದು ಸೇರುವವರೆಗೆ ಒಲೆ ಹಚ್ಚುವಂತಿರಲಿಲ್ಲ.

ಅಕ್ಕನಿಗೆ ತವರಿರಲಿಲ್ಲ. ಬಂಡೆಯ ಮೇಲಿನ ಊಟವೇ ನನಗೆ ತವರು ಎನ್ನುತ್ತಿದ್ದಳು. ಆದರೆ ಜಲ್ಲಿ ಒಡೆದ ದೂಳು ಅವಳ ಎದೆಯಲ್ಲಿ ಕೂತುಬಿಟ್ಟಿತ್ತು... ಕೊನೆಕೊನೆಗೆ ನಾಲ್ಕು ಹೆಜ್ಜೆ ಇಟ್ಟರೆ ಕೂರಬೇಕು.

ಒಂದು ವರ್ಷ ಬಿಸಿಲು ನೆತ್ತಿಗೆ ಬಂದರೂ ಅವಳು ಅರ್ಧ ಗುಡ್ಡದಲ್ಲೇ ಇದ್ದಳು. ನಿಮ್ಮ ತಾತ ಇಳಿದು ಹೋಗಿ, "ಹೊತ್ಕಂಡ್ ಬತ್ತೀನಿ ಬಾರಕ್ಕ" ಎಂದರು.

"ಹೊತ್ಕಂಡ್ ಓಗಾದು ಒಂದೇ ಸಲ ಕಣಪ್ಪ. ಅದಕ್ಕಿನ್ನೂ ಟೈಮೈತೆ, ಬುಡು."

ಮೇಲಿನಿಂದ ಗಣಿಯ ಹಳೆಯ ಮೇಸ್ತ್ರಿ ಕೂಗಿದರು: "ಏನಮ್ಮೋ, ಮದುವಣಗಿತ್ತಿ ನಡ್ದಂಗೆ ನಡೀತೀಯಲ್ಲ!"

"ಮಕ್ಳು ಅಳ್ತಾವೆ, ಒಲೆ ಹಚ್ರಿ ಮೇಸ್ತ್ರಿ!"

"ನಿನ್ ಮಕ ಕಾಣ್ದೆ ಹೆಂಗಮ್ಮ ಹಚ್ಚಾದು? ನಿಧಾನಕ್ಕೆ ಬಾ."

ಅವಳು ಬಂದ ಮೇಲೆಯೇ ಹಚ್ಚಿದೆವು. ಅನ್ನ ಬೇಯುವಷ್ಟರಲ್ಲಿ ಅತ್ತ ಮಕ್ಕಳು ಹಸಿದುಕೊಂಡೇ ನಿದ್ದೆ ಹೋಗಿದ್ದವು. ಅಕ್ಕ ಅವುಗಳ ಮುಖ ನೋಡುತ್ತಾ ಕೂತಿದ್ದಳು, ತುತ್ತು ಎತ್ತಲಿಲ್ಲ.

ಮರುವರ್ಷ ಊಟದ ಹಿಂದಿನ ದಿನ ಬಟ್ಟೆಗಂಟು ಹಿಡಿದು ನಮ್ಮ ಬಾಗಿಲಿಗೆ ಬಂದಳು. "ಬುಕ್ಕಾಪಟ್ಟಣಕ್ಕೆ ಮಗಳ ಮನೆಗೆ ಓಗ್ಬುಡ್ತೀನಿ ಕಣಮ್ಮ. ಊರಲ್ಲಿಲ್ದೋರ್ನ ಕಾಯಂಗಿಲ್ವಲ್ಲ. ಹೊತ್ತಿಗ್ ಸರಿಯಾಗಿ ಉಣ್ರಿ."

ಗಂಟು ಇಸಿದುಕೊಂಡು ಬಸ್ಸಿನವರೆಗೆ ಅವಳ ಜೊತೆ ನಡೆದೆ, ಅಷ್ಟೇ.

ಆ ವರ್ಷ ಒಲೆಗಳು ಬೇಗ ಹತ್ತಿದವು. ಮಕ್ಕಳು ಹೊಟ್ಟೆತುಂಬ ಉಂಡರು. ಮೇಸ್ತ್ರಿ ಮಾತ್ರ ದಾರಿಯ ಕಡೆಗೇ ಮುಖ ಮಾಡಿ ಕೂತಿದ್ದರು. ಅಕ್ಕ ತಿರುಗಿ ಬರಲಿಲ್ಲ... ಮಳೆಗಾಲಕ್ಕೆ ಮುಂಚೆ, ಮಗಳ ಮನೆಯಲ್ಲೇ ತೀರಿಕೊಂಡಳೆಂದು ಸುದ್ದಿ ಬಂತು.

ಈಗಲೂ ಊಟ ನಡೆಯುತ್ತದೆ. ಗುಡ್ಡದವರೆಗೆ ಆಟೋ ಹೋಗುತ್ತದೆ, ಬಂದವರು ಬಂದಂತೆ ಗ್ಯಾಸ್ ಒಲೆ ಹಚ್ಚುತ್ತಾರೆ. ತಪ್ಪೇನಿಲ್ಲ. ಈ ಸಲ ನನ್ನನ್ನು ಕರೆದುಕೊಂಡು ಹೋದಿರಲ್ಲ, ತಟ್ಟೆ ಮುಂದಿಟ್ಟುಕೊಂಡು ನಾನು ದಾರಿ ನೋಡುತ್ತಾ ಕೂತಿದ್ದೆ. "ಉಣ್ಣಜ್ಜಿ, ಎಲ್ರೂ ಬಂದವ್ರೆ" ಎಂದಿರಿ.

ಎಲ್ಲರೂ ಬಂದಿರಲಿಲ್ಲ, ಮಕ್ಕಳೇ.