ಬಿಡಿಸಿದ ಮಡಿಕೆ

ಹಿಂದೂಪುರದ ನನ್ನ ಗಂಡನ ಮನೆಯಲ್ಲಿ ಪುಸ್ತಕದ ಕಪಾಟು ನಿಂತಿರುವುದು ಹಿಂದೆ ಮಗ್ಗವಿದ್ದ ಜಾಗದಲ್ಲಿ. ನೇಯುವವರು ಕಾಲು ಇಳಿಬಿಟ್ಟು ಕೂರುತ್ತಿದ್ದ ಗುಂಡಿಯನ್ನು ಮಾವ ಹೋದ ಮೇಲೆ ಮುಚ್ಚಿಸಿ ಸಿಮೆಂಟು ಬಳಿಸಿದ್ದರು. ಮುಚ್ಚಿದರೂ ಗುಂಡಿ ಗುಂಡಿಯೇ. ಆ ಕಡೆ ನೆಲ ಕುಸಿದು ಕಪಾಟು ಎಡಕ್ಕೆ ವಾಲುತ್ತದೆ. ಪುಸ್ತಕಗಳು ಷೇರ್ ಜೀಪಿನಲ್ಲಿ ಕೂತವರ ಹಾಗೆ ಒಂದರ ಮೇಲೊಂದು ಒರಗುತ್ತವೆ. ಕಾಲಿನಡಿ ರಟ್ಟು ಇಟ್ಟೆ, ಬಲಕ್ಕೆ ವಾಲಿತು. ಸಿಟ್ಟು ಬಂದು ರಟ್ಟು ಕಿತ್ತೆಸೆದೆ.

ಪುಸ್ತಕಗಳು ನನ್ನವಲ್ಲ, ಅಪ್ಪನವು. ಅಪ್ಪ ಕಲ್ಯಾಣದುರ್ಗದಲ್ಲಿ ಖಾಸಗಿ ಬಸ್ಸಿನ ಕಂಡಕ್ಟರ್ ಆಗಿದ್ದ. ಬಸ್ಸು ಗಡಿ ದಾಟಿ ಪಾವಗಡಕ್ಕೆ ಹೋದಾಗಲೆಲ್ಲ, ಅಲ್ಲಿ ರಾಶಿ ಹಾಕಿ ಮಾರುತ್ತಿದ್ದವನ ಹತ್ತಿರ ಹಳೆಯ ಕನ್ನಡ ಪುಸ್ತಕ ಆರಿಸಿ ತರುತ್ತಿದ್ದ. ಸೀಟು ತುಂಬುವ ತನಕ ಓದುವುದು, ಡ್ರೈವರ್ ಹಾರ್ನ್ ಹೊಡೆದ ಕೂಡಲೇ ಪುಟದ ಮೂಲೆ ಮಡಚಿ ಚೀಲಕ್ಕೆ ತುರುಕುವುದು. ನೋಟು ಮಡಚಿ ರೂಢಿಯಾದ ಕಂಡಕ್ಟರ್ ಕೈ ಏನು ಸಿಕ್ಕರೂ ಮಡಚಿಯೇ ತೀರುತ್ತದೆ. ಕುಲುಕಾಟಕ್ಕೆ ಬಿಚ್ಚಿಕೊಳ್ಳಬಾರದೆಂದು ಉಗುರಿನಲ್ಲಿ ಗೀರಿ, ದೊಡ್ಡದಾಗಿ ಮಡಚುತ್ತಿದ್ದ. ಮತ್ತೆ ಓದಲು ಕೂತಾಗ ಅದನ್ನು ಬಿಡಿಸಿ ಹೆಬ್ಬೆರಳಿನಿಂದ ಉಜ್ಜುತ್ತಿದ್ದ. ಹಾಗಾಗಿ ಅಪ್ಪನ ಪುಸ್ತಕಗಳ ಮೂಲೆಮೂಲೆಯಲ್ಲೂ ಹಳೆಯ ಮಡಿಕೆಯ ಗೆರೆ. ಮಡಚಿಕೊಂಡೇ ಇರುವ ಮೂಲೆ ಮಾತ್ರ ಒಂದೇ, ಅಪ್ಪ ಓದು ನಿಲ್ಲಿಸಿದ ಪುಟದ್ದು.

ಅವುಗಳಲ್ಲಿ ಕೆಂಪು ರಟ್ಟಿನ ದಪ್ಪ ಕಾದಂಬರಿಯೊಂದಿದೆ. ಅಪ್ಪ ಅದನ್ನು ಮುಗಿಸುವುದು, ಕೆಲವು ತಿಂಗಳು ಬಿಟ್ಟು ಮತ್ತೆ ಮೊದಲಿನಿಂದ ಹಿಡಿಯುವುದು. ಈ ಸಲವಾದರೂ ಕಥೆ ಬೇರೆ ಆಯಿತಾ ಎಂದು ಅಣ್ಣ ರೇಗಿಸುತ್ತಿದ್ದ. ಕೊನೆಗೆ ಹಾಸಿಗೆ ಹಿಡಿದಾಗಲೂ ಅಪ್ಪನ ದಿಂಬಿನ ಪಕ್ಕ ಅದೇ ಇತ್ತು. ಅಪ್ಪ ಹೋದ ಮೇಲೆ, ತೆಲುಗು ಮಾತ್ರ ಓದಬಲ್ಲ ಅಣ್ಣ ಎಲ್ಲವನ್ನೂ ಕಡಲೆಕಾಯಿ ಮೂಟೆಯ ಚೀಲಗಳಿಗೆ ತುಂಬಿ ಟೆಂಪೋದಲ್ಲಿ ನನಗೆ ಕಳಿಸಿದ.

ಚೀಲ ಬಿಚ್ಚಿದಾಗ ಕೆಂಪು ಪುಸ್ತಕದ ಒಂದು ಮೂಲೆ ಮಡಚಿರುವುದು ಹೊರಗಿನಿಂದಲೇ ಕಂಡಿತು. ಯಾವ ಪುಟ ಎಂದು ನೋಡಲಿಲ್ಲ. ತೆರೆದರೆ ಅಪ್ಪ ನಿಜವಾಗಿಯೂ ಮುಗಿದುಹೋಗುತ್ತಾನೆಂದು ಹೆದರಿಕೆಯಾಯಿತು. ಮೊದಲು ಕಪಾಟು ಒಂದು ಹದಕ್ಕೆ ಬರಲಿ ಎಂದುಕೊಂಡೆ.

ಬರಲೇ ಇಲ್ಲ. ಎತ್ತರಕ್ಕೆ ತಕ್ಕಂತೆ ಜೋಡಿಸಿದರೆ ಅಂಗಡಿಯಂತೆ ಕಂಡಿತು. ಬಣ್ಣಕ್ಕೆ ತಕ್ಕಂತೆ ಜೋಡಿಸಿದೆ, ಬೇಕಾದದ್ದು ಕೈಗೆ ಸಿಗದಾಯಿತು. ಕಥೆ ಒಂದು ಕಡೆ, ಪುರಾಣ ಒಂದು ಕಡೆ ಎಂದು ಬೇರ್ಪಡಿಸಿದೆ. ನಡುವೆ ಹಿತ್ತಾಳೆ ಲೋಟ ಇಟ್ಟೆ, ತೆಗೆದೆ, ಮನಿಪ್ಲಾಂಟ್ ಇಟ್ಟೆ, ಅದರ ನೀರು ಚೆಲ್ಲಿತು. ಏನು ಮಾಡಿದರೂ ಕೆಂಪು ಪುಸ್ತಕ ಕಣ್ಣಿಗೆ ಚುಚ್ಚುತ್ತಿತ್ತು. ಮೇಲಿಟ್ಟರೂ ಅಷ್ಟೆ, ಕೆಳಗಿಟ್ಟರೂ ಅಷ್ಟೆ. ಪುಸ್ತಕಗಳ ಕಾಲಿಗೂ ಚಕ್ರ ಕಟ್ಟಿದೆಯಲ್ಲೇ ಎಂದು ಗಂಡ ನಗುತ್ತಿದ್ದರು. ಅವರ ನಗು ನೋಡಿ ಮೈ ಉರಿಯುತ್ತಿತ್ತು.

ಅತ್ತೆ ನಗಲಿಲ್ಲ. ಹುಟ್ಟಿದಾಗಿನಿಂದ ರೇಷ್ಮೆಯ ಜೊತೆ ಬದುಕಿದ ನೇಕಾರರ ಮನೆಯವರು. ವಸ್ತುವನ್ನು ಜೋಪಾನ ಮಾಡುವುದೆಂದರೆ ಏನೆಂದು ಅವರಿಗೆ ಗೊತ್ತು. ಪೆಟ್ಟಿಗೆಯ ಸೀರೆಗಳನ್ನು ಆಗಾಗ ತೆಗೆದು, ಗಾಳಿಗೆ ಹಾಕಿ, ಹಳೆಯ ಮಡಿಕೆ ಬಿಟ್ಟು ಬೇರೆ ಮಡಿಕೆಯಲ್ಲಿ ಮಡಚಿ ಇಡುತ್ತಾರೆ. ಇಲ್ಲದಿದ್ದರೆ ಜರಿ ಮಡಿಕೆಯಲ್ಲೇ ಒಡೆಯುತ್ತದಂತೆ. ನನ್ನ ಮದುವೆ ಸೀರೆ ಇನ್ನೂ ಹೊಸದರ ಹಾಗಿರುವುದು ಅವರಿಂದಲೇ.

ಅಪ್ಪನ ವರ್ಷದ ತಿಥಿಗೆ ಕಲ್ಯಾಣದುರ್ಗಕ್ಕೆ ಹೋದೆ. ಊಟದ ಕೆಲಸವೆಲ್ಲ ಮುಗಿದ ಮೇಲೆ ಅಣ್ಣ ಪಕ್ಕದಲ್ಲಿ ಬಂದು ಕೂತ. ಕೇಳಿದ:

"ಆ ಕೆಂಪು ಪುಸ್ತಕ ಈ ಸಲ ಎಲ್ಲೀ ಗಂಟ ಬಂದಿತ್ತು ಅಪ್ಪಂಗೆ?"

ನೋಡಿಲ್ಲ ಎಂದೆ. ನೋಡಿ ಹೇಳು ಎಂದ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೂ ಹೊರಗೆ ನೋಡಲಾಗಲಿಲ್ಲ. ಹೋದ ಕೂಡಲೇ ತೆರೆಯುತ್ತೇನೆ, ಅಪ್ಪ ನಿಲ್ಲಿಸಿದಲ್ಲಿಂದ ಹಿಡಿದು ಕೊನೆಯ ತನಕ ಅಪ್ಪನ ಪರವಾಗಿ ನಾನೇ ಓದಿ ಮುಗಿಸುತ್ತೇನೆ ಎಂದು ನಿಶ್ಚಯಿಸಿದೆ. ಇಷ್ಟು ಸಣ್ಣ ಕೆಲಸಕ್ಕೆ ವರ್ಷ ಹಿಡಿಯಿತಲ್ಲ ಎಂದು ನನ್ನ ಮೇಲೇ ಸಿಡುಕಿಕೊಂಡೆ.

ಮನೆಗೆ ಬಂದರೆ ಕಪಾಟು ಮದುವೆಮನೆಯಂತಿತ್ತು. ಹಲಗೆಗಳ ಅಂಚಿಗೆಲ್ಲ ಅತ್ತೆ ಹಳೆಯ ಸೀರೆಗಳ ಜರಿಯಂಚು ಕತ್ತರಿಸಿ ಅಂಟಿಸಿದ್ದರು. ಪುಸ್ತಕಗಳ ನಡುವೆ ಒಣಗಿದ ಬೇವಿನೆಲೆ. ಎಲ್ಲವೂ ನೆಟ್ಟಗೆ, ಒತ್ತಾಗಿ, ಒಂದೂ ಒರಗದೆ ನಿಂತಿದ್ದವು. ನಾನು ಅಷ್ಟು ದಿನ ಒದ್ದಾಡಿದ್ದನ್ನು ಅವರು ನಾನಿಲ್ಲದಾಗ ಮಾಡಿ ಮುಗಿಸಿದ್ದರು. ನಿಜ ಹೇಳಬೇಕೆಂದರೆ ಖುಷಿಯಾಯಿತು.

ಅತ್ತೆಗೂ ಹೆಮ್ಮೆಯಾಗಿತ್ತು. "ಮಡಿಕೆ ಹಂಗೇ ಬಿಟ್ರೆ ಅಲ್ಲೇ ಸೀಳ್ಬುಡ್ತೈತೆ ಕಣಮ್ಮ. ರೇಷ್ಮೆಗೂ ಅಷ್ಟೆ, ಕಾಗ್ದಕ್ಕೂ ಅಷ್ಟೆ. ಎಲ್ಲಾ ಬಿಡ್ಸಿ ಇಟ್ಟಿವ್ನಿ, ಚೂಡು, ನೀನೇ ನೋಡು," ಎಂದರು.

ಕೆಂಪು ಪುಸ್ತಕ ಎಳೆದುಕೊಂಡೆ. ಮೇಲಿನಿಂದ ನೋಡಿದರೆ ಎಲ್ಲ ಪುಟಗಳೂ ಸಮವಾಗಿದ್ದವು. ಮೂಲೆಗಳನ್ನು ಒದ್ದೆ ಬೆರಳಲ್ಲಿ ತೇವ ಮಾಡಿ, ಬಟ್ಟೆ ಹೊದಿಸಿ, ಇಸ್ತ್ರಿಪೆಟ್ಟಿಗೆ ಬೆಚ್ಚಗೆ ತಾಗಿಸಿದ್ದರಂತೆ. ಮೂಲೆಮೂಲೆಯಲ್ಲೂ ಗೆರೆಗಳಿದ್ದವು, ಮೊದಲ ಪುಟಗಳಿಂದ ಕೊನೆಯ ಪುಟಗಳ ತನಕ. ಅಪ್ಪ ಎಷ್ಟೆಷ್ಟು ಸಲ ಓದಿದ್ದನೋ ಅಷ್ಟಷ್ಟು. ಕೊನೆಯ ಸಲದ್ದು ಯಾವುದೆಂದು ಹೇಳಲು ಏನೂ ಉಳಿದಿರಲಿಲ್ಲ.

"ಇದನ್ನ ಮುಟ್ಟಿ ಅಂತ ನಿಮ್ಗೆ ಯಾರು ಹೇಳಿದ್ರು?"

ನನ್ನ ದನಿ ನನಗೇ ಒರಟಾಗಿ ಕೇಳಿಸಿತು. ಏಮೈಂದಿ, ಏನಾಯ್ತು ಎಂದರು ಅತ್ತೆ. ಮಡಚಿದ್ದ ಆ ಒಂದು ಮೂಲೆ ಏನೆಂದು ಹೇಳಿದೆ, ಅಣ್ಣ ಕೇಳಿದ್ದನ್ನೂ ಹೇಳಿದೆ. ಅವರು ಪುಸ್ತಕ ತೆಗೆದುಕೊಂಡು ಬಾಗಿಲ ಬೆಳಕಿಗೆ ಹೋಗಿ ಕೂತರು. ಕನ್ನಡಕ ಹಾಕಿಕೊಂಡು, ಸೀರೆಯ ಹೊಸ ಮಡಿಕೆ ಯಾವುದು, ಹಳೆಯದು ಯಾವುದು ಎಂದು ಪತ್ತೆ ಹಚ್ಚುವ ಹಾಗೆ ಒಂದೊಂದೇ ಮೂಲೆಯ ಮೇಲೆ ಬೆರಳಾಡಿಸುತ್ತಾ ಹೋದರು. ನನಗೆ ಆಸೆ ಹುಟ್ಟಿತು. ಪಕ್ಕದಲ್ಲೇ ನಿಂತಿದ್ದೆ. ಕೊನೆಯ ಪುಟದ ತನಕ ಹೋಗಿ, ಮತ್ತೆ ಹಿಂದಕ್ಕೆ ಬಂದು, ಪುಸ್ತಕ ಮುಚ್ಚಿದರು.

"ಎಲ್ಲಾ ಒಂದೇ ಹಂಗೈತೆ. ನಾನು ಚೆನ್ನಾಗೇ ಒತ್ಬುಟ್ಟಿವ್ನಿ ಕಣಮ್ಮ."

ಸಂಜೆ ನೋಡಿದರೆ ಜರಿಯಂಚುಗಳನ್ನು ಒಂದೊಂದಾಗಿ ಕೀಳುತ್ತಿದ್ದರು. ಕೈ ಹಿಡಿದು ತಡೆದೆ. ಸಿಟ್ಟು ಇಳಿದಿರಲಿಲ್ಲ, ಆದರೂ ಅದನ್ನು ನೋಡಿಕೊಂಡಿರಲು ಆಗಲಿಲ್ಲ. ಕಿತ್ತುಹೋದ ಒಂದು ಸಾಲು ಈಗಲೂ ಬೋಳಾಗಿಯೇ ಇದೆ. ಗೊತ್ತಾಗಲಿಲ್ಲ ಎಂದು ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಹೋಗ್ಲಿ ಬಿಡು ಎಂದ, ಆಮೇಲೆ ಬಹಳ ಹೊತ್ತು ಫೋನ್ ಇಡಲಿಲ್ಲ.

ಈಗ ಮೊದಲ ಪುಟದಿಂದ ಓದುತ್ತಿದ್ದೇನೆ. ಬೇರೆ ದಾರಿಯಿಲ್ಲ. ನೆಮ್ಮದಿಯಾಗಿ ಓದುತ್ತಿದ್ದೇನೆ ಎಂದರೆ ಸುಳ್ಳಾಗುತ್ತದೆ. ಮೂಲೆಯಲ್ಲಿ ಗೆರೆ ಕಂಡಾಗಲೆಲ್ಲ ನಿಲ್ಲುತ್ತೇನೆ. ಆ ಪುಟದ ಕೊನೆಯ ಸಾಲನ್ನು ಮತ್ತೆ ಮತ್ತೆ ಓದುತ್ತೇನೆ. ಅಪ್ಪ ಈ ಲೋಕದಲ್ಲಿ ಓದಿದ ಕೊನೆಯ ಸಾಲು ಇದೇ ಇರಬಹುದೇ? ಮುಂದಿನ ಗೆರೆ ಬಂದಾಗ ಮತ್ತೆ ಅದೇ ಪ್ರಶ್ನೆ. ಒಂದೇ ಪುಸ್ತಕದಲ್ಲಿ ಅಪ್ಪ ಎಷ್ಟು ಸಲ ಹೋಗುತ್ತಾನೋ.

ನಿನ್ನೆ ಓದುತ್ತಾ ಕೂತಿದ್ದಾಗ ಕುಕ್ಕರ್ ಕೂಗಿತು. ಏಳುವ ಅವಸರದಲ್ಲಿ ಯೋಚಿಸದೆ ಪುಟದ ಮೂಲೆಗೆ ಕೈ ಹಾಕಿದೆ. ಅಲ್ಲಿ ಅಪ್ಪನ ಗೆರೆಯಿತ್ತು. ಒತ್ತುವ ಮೊದಲೇ ಕಾಗದ ಅದೇ ಗೆರೆಯಲ್ಲಿ ತಾನಾಗಿ ಮಡಚಿಕೊಂಡಿತು. ತಲೆ ಎತ್ತಿದರೆ ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು, ಕಣ್ಣು ನನ್ನ ಬೆರಳುಗಳ ಮೇಲಿತ್ತು.

"ಇರ್ಲಿ ಬಿಡಮ್ಮ," ಎಂದರು. "ಅದನ್ನ ನಾನು ಬಿಡ್ಸಲ್ಲ."