ಆಫ್ರಿಕಾದವನಿಗೆ ಅಜ್ಜಿಯ ಪಾಠ

ಐವತ್ತರ ದಶಕದಲ್ಲಿ ಮುಂಬಯಿಯ ದಾದರಿನ ಚಾಳಿನಲ್ಲಿದ್ದ ನಾವು ಹಳಿಯಾಳದ ಕಡೆಯ ಸಿದ್ದಿಗಳು. ಶತಮಾನಗಳ ಹಿಂದೆ ನಮ್ಮ ಹಿರಿಯರು ಆಫ್ರಿಕಾದಿಂದ ಬಂದವರೆಂದು ಅಪ್ಪ ಹೋದಲ್ಲೆಲ್ಲ ಜಂಬ ಕೊಚ್ಚುತ್ತಿದ್ದ. ಒಂದು ಭಾನುವಾರ, ಆಫ್ರಿಕಾದ ಅಸಲಿ ಕುಣಿತ ನೋಡೋಣವೆಂದು, ಕೀನ್ಯಾದಿಂದ ಓದಲು ಬಂದಿದ್ದ ಹುಡುಗನೊಬ್ಬನನ್ನು ಮನೆಗೇ ಕರೆತಂದ.

ಅಜ್ಜಿ ಡಮಾಮಿ ಡೋಲು ಬಾರಿಸಿದಳು. ಸೂಟು ತೊಟ್ಟ ಹುಡುಗ ನಾಚುತ್ತ ಎದ್ದು, ಕಾಲೇಜಿನ ಪಾರ್ಟಿಯಲ್ಲಿ ಕಲಿತ ಇಂಗ್ಲಿಷ್ ಹೆಜ್ಜೆಗಳನ್ನು ಹಾಕಿದ. ಅಪ್ಪನ ಮುಖ ಪೆಚ್ಚಾಯಿತು.

ಅಜ್ಜಿಗೆ ಮಾತ್ರ ಕನಿಕರ ಹುಟ್ಟಿತು. ಅವನ ಬೂಟು ಬಿಚ್ಚಿಸಿ, ಸೊಂಟ ಹಿಡಿದು ಬಗ್ಗಿಸಿ, ಸಂಜೆಯವರೆಗೂ ನಮ್ಮ ಕುಣಿತ ಕಲಿಸಿದಳು. ಹೊರಟವನನ್ನು ಬಾಗಿಲಲ್ಲಿ ತಡೆದು ತಾಕೀತು ಮಾಡಿದಳು: “ಊರಿಗೆ ಹೋದ ಕೂಡಲೆ ಎಲ್ಲಾರಿಗೂ ಕಲಿಸಪ್ಪಾ. ನಾವು ಬಿಟ್ಟು ಬಂದ ಮ್ಯಾಲೆ ಅಲ್ಲಿ ಹೇಳಿಕೊಡಾವ್ರು ಯಾರೂ ಉಳಿದಿಲ್ಲಂತ ಕಾಣತೈತಿ.”